ಮುತ್ತಣ್ಣಶಾಹಿ

ಶನಿವಾರದ ಬೆಳಗಿನ ಶಾಲೆ ಬಿಟ್ಟು, ಮಕ್ಕಳೆಲ್ಲ ಗಜೇಂದ್ರಗಡದ ಓಣಿಗಳಿಗೆ ಚೆದುರಿ ಹೋಗಿದ್ದರು. ರಾಜೇಶ್ವರಿ ಒಬ್ಬಳೇ ಸ್ಟಾಫ್ ರೂಮಿನಲ್ಲಿ ಕೂತು ಒಂಬತ್ತನೆಯ ಇಯತ್ತೆಯ ಕನ್ನಡ ಪೇಪರು ತಿದ್ದುತ್ತಿದ್ದಳು. ಬಾಗಿಲಲ್ಲಿ ಒಂದು ನೆರಳು ಬಂದು ನಿಂತಿತು.

“ನಮಸ್ಕಾರ್ರಿ ಟೀಚರ್. ಒಂದು ಶಬ್ದದ ಅರ್ಥ ಕೇಳಾಕ ಬಂದೇನ್ರಿ.”

“ಕೇಳ್ರಿ.”

“ಮುತ್ತಣ್ಣಶಾಹಿ ಅಂದ್ರ ಏನ್ರಿ?”

ಕೆಂಪು ಪೆನ್ನು ಕಾಗದದ ಮೇಲೆ ನಿಂತೇ ಬಿಟ್ಟಿತು. ರಾಜೇಶ್ವರಿ ತಲೆ ಎತ್ತಿದಳು. ತೆಳ್ಳಗಿನ ಆಳು, ಮೂವತ್ತೈದರ ಆಸುಪಾಸು, ಕನ್ನಡಕದ ಒಂದು ಕಾಲಿಗೆ ಕರಿ ದಾರ ಸುತ್ತಿದೆ, ಕಂಕುಳಲ್ಲಿ ಬಿಸ್ಕೀಟಿನ ಹಳೆಯ ಡಬ್ಬಿ.

“ಯಾರ ಕಳಿಸ್ಯಾರ ನಿಮ್ಮನ್ನ?”

“ಬಸ್ ಸ್ಟ್ಯಾಂಡಿನ್ಯಾಗ ಚಾ ಅಂಗಡಿಯವ್ರು. ಆ ಶಬ್ದ ಟೀಚರ್‌ಗೆ ಚಲೋ ಗೊತ್ತದ, ಹೋಗಿ ಕೇಳ್ರಿ ಅಂದ್ರು.”

“ಹೇಳಿ ನಕ್ಕಿರಬೇಕಲ್ಲ?”

“ಹೌದ್ರಿ, ನಕ್ರು,” ಎಂದ ಅವನು, ಏನೂ ತಿಳಿಯದೆ.

“ಮುತ್ತಣ್ಣ ಮಾಸ್ತರು ನಮ್ಮಜ್ಜ. ನಮ್ಮ ಮನಿ ಹಿರ್ಯಾನ ಹೆಸರು ಈ ಸೀಮ್ಯಾಗ ನಗಿಚಾಟಿಕಿ ಆಗಿ ನಲವತ್ತ ವರ್ಷ ಆತು. ಸಾಲಿಗೂ ಬರಬೇಕೇನು ಅದು? ಬಾಗಲಾ ಅಲ್ಲೈತಿ.”

ಅವನ ಮುಖ ಸಣ್ಣದಾಯಿತು. ಡಬ್ಬಿಯ ಮುಚ್ಚಳ ತೆಗೆದು ಮೇಜಿನ ಮೇಲಿಟ್ಟ. ಒಳಗೆ ಸಾಲಾಗಿ ಜೋಡಿಸಿದ ಚೀಟಿಗಳು. ಒಂದೊಂದರ ಮೇಲೆ ಒಂದೊಂದು ಶಬ್ದ, ಮುತ್ತಿನಂಥ ಅಕ್ಷರ. ಅವನ ಹೆಸರು ದ್ಯಾಮೇಶ. ನರಗುಂದದ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುವ ಕೆಲಸ. ಬಿಡುವಿದ್ದಾಗೆಲ್ಲ ಊರೂರು ತಿರುಗಿ ಈ ಸೀಮೆಯ ಮಾತುಗಳ ನಿಘಂಟಿಗೆ ಶಬ್ದ ಕೂಡಿಸುತ್ತಿದ್ದ.

“ನಗಾಕ ಬಂದಿಲ್ರಿ ಟೀಚರ್. ಒಬ್ಬ ನಾಟಕ ಬರ್ಯಾಂವನ ಹೆಸರು ಜನರ ಬಾಯಾಗ ಶಬ್ದ ಆಗಿ ಉಳದೈತಿ ಅಂದ್ರ, ಅಂವ ಸಣ್ಣಾಂವ ಅಲ್ಲ. ಅದಕ್ಕ ಅರ್ಥ ತಪ್ಪಬಾರದು ಅಂತ ಬಂದೆ. ತಪ್ಪಾತು, ಹೋಗ್ತೀನ್ರಿ.”

ಅವನು ಹೊಸ್ತಿಲು ದಾಟಿದ ಮೇಲೆ ರಾಜೇಶ್ವರಿ ಕೂಗಿದಳು.

“ಏನ್ರೀ... ಡಬ್ಬಿ ಬಿಟ್ಟ ಹೊಂಟೀರಿ.”

ಅವನು ತಿರುಗಿದ. ನಗು ಅವನಿಗೆ ಮೊದಲು ಕಣ್ಣಿಗೆ ಬರುತ್ತಿತ್ತು, ತುಟಿಗೆ ಆಮೇಲೆ. ಅದನ್ನು ಅವಳು ಅವತ್ತೇ ನೋಡಿಬಿಟ್ಟಳು.

*

ಮುತ್ತಣ್ಣ ಮಾಸ್ತರು ಸಾಲಿ ಮಾಸ್ತರರಾಗಿ ಬದುಕಿ, ನಾಟಕದ ಮಾಸ್ತರರಾಗಿ ಹೆಸರಾದವರು. ಹನ್ನೊಂದು ನಾಟಕ ಬರೆದರು. ರೋಣ ತಾಲೂಕಿನ ಊರುಗಳಲ್ಲಿ ಅವನ್ನು ಆಡದ ಹುಡುಗರಿರಲಿಲ್ಲ. ಅವರದೊಂದು ಪದ್ಧತಿ ಇತ್ತು. ನಾಟಕದ ಕಡೆಯ ಮಾತನ್ನು ಕಾಗದದ ಮೇಲೆ ಬರೆಯುತ್ತಿರಲಿಲ್ಲ. ತಿಂಗಳುಗಟ್ಟಲೆ ತಾಲೀಮು ನಡೆದರೂ ಆ ಮಾತು ಪಾತ್ರಧಾರಿಗೆ ಗೊತ್ತಿರುತ್ತಿರಲಿಲ್ಲ. ಆಟದ ದಿನ, ಕಡೆಯ ಪ್ರವೇಶಕ್ಕೆ ಮೊದಲು, ಪರದೆಯ ಹಿಂದೆ ನಿಂತು ಅವನ ಕಿವಿಯಲ್ಲಿ ಹೇಳುತ್ತಿದ್ದರು.

“ಕಡೀ ಮಾತು ಬಿಸಿ ರೊಟ್ಟಿ ಇದ್ದಂಗ. ತಾಲೀಮಿನ್ಯಾಗ ತಟ್ಟಿ ಇಟ್ರ ಆಟದ ದಿನ ತಂಗಳಾಗತೈತಿ,” ಎನ್ನುವುದು ಅವರ ನುಡಿ.

ಜನ ಅದನ್ನು ಹಿಡಿದುಕೊಂಡರು. ಮುಖ್ಯವಾದದ್ದೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳುವವನು ಮುತ್ತಣ್ಣಶಾಹಿ ಮನುಷ್ಯ. ನವಾಬಶಾಹಿ ಇದ್ದ ಹಾಗೆ ಇದೂ ಒಂದು ಶಾಹಿ.

ಇದನ್ನೆಲ್ಲ ದ್ಯಾಮೇಶನಿಗೆ ಹೇಳಿದವಳು ರಾಜೇಶ್ವರಿಯ ಅಜ್ಜಿ ಕಲ್ಲವ್ವ. ಮರು ಶನಿವಾರ ಅವನು ಮನೆಗೇ ಬಂದಿದ್ದ. ಮಾಸ್ತರರ ಹೆಂಡತಿಗೆ ಎಂಬತ್ತೆರಡು ವರ್ಷ. ಹಲ್ಲು ಹೋಗಿದ್ದವು, ನಾಲಿಗೆ ಹೋಗಿರಲಿಲ್ಲ.

“ಬರಕೋ ತಮ್ಮಾ. ಐವತ್ತೆಂಟ ವರ್ಷ ಸಂಸಾರ ಮಾಡೇನಿ. ದಿನಾ ಎರಡ ಹೊತ್ತು ಕೈಯಾರೆ ಮಾಡಿ ಹಾಕೇನಿ. ಉಪ್ಪು ಕಮ್ಮಿ ಅಂದ, ಖಾರ ಹೆಚ್ಚು ಅಂದ, ಆ ಮಾತ ಎಂದೂ ಅನ್ನಲಿಲ್ಲ. ದವಾಖಾನ್ಯಾಗ ಕಡೇ ಉಸಿರಿನ್ಯಾಗ ಕೈ ಹಿಡದ ಹೇಳಿದಾ, ‘ಕಲ್ಲೀ, ಚಲೋ ಅಡಿಗಿ ಮಾಡ್ತಿದ್ದಿ’ ಅಂತ. ಮುತ್ತಣ್ಣಶಾಹಿ ಅಂದ್ರ ಅದ ನೋಡಪಾ.”

ದ್ಯಾಮೇಶ ನಕ್ಕ. ರಾಜೇಶ್ವರಿಯೂ ನಕ್ಕಳು. ಕಲ್ಲವ್ವ ನಗಲಿಲ್ಲ.

“ನಗಬ್ಯಾಡ್ರಿ. ಕೇಳಿ ನನಗ ಖುಷಿ ಆತು, ಖರೇ. ಆದ್ರ ಖುಷಿಯಿಂದ ಇನ್ನೊಮ್ಮೆ ಮಾಡಿ ಹಾಕೋಣು ಅಂದ್ರ, ಉಣ್ಣಾಂವ ಎಲ್ಲಿದ್ದ?”

ಅಡುಗೆಮನೆಯಲ್ಲಿ ಹಾಲು ಉಕ್ಕುವ ಸಪ್ಪಳಕ್ಕೆ ರಾಜೇಶ್ವರಿ ಎದ್ದು ಓಡಿದಳು. ಅಜ್ಜಿಯ ಮಾತು ಅಲ್ಲಿಗೇ ನಿಂತಿತು.

*

ನಿಘಂಟಿಗೆ ಅರ್ಥ ಸಾಲದು, ಬಳಕೆಯೂ ಬೇಕು. ದಸರೆಯ ರಜೆಯಲ್ಲಿ ಇಬ್ಬರೂ ಬಸ್ಸು ಹತ್ತಿದರು. ಕಲ್ಲವ್ವನೇ ಬುತ್ತಿ ಕಟ್ಟಿ ಕಳಿಸಿದಳು.

ರೋಣದ ಬಸ್ಸಿನಲ್ಲಿ ಒಬ್ಬ ರೈತ ಮುಗಿಲು ನೋಡಿ ಅಂದ, “ಇದು ಮುತ್ತಣ್ಣಶಾಹಿ ಮಳಿ. ದಿನಾ ಪೂರ್ತಿ ಗುಡುಗತೈತಿ, ಮಂದಿ ಮನಿ ಸೇರಿದ ಮ್ಯಾಗ ನಾಕ ಹನಿ.” ಅಬ್ಬಿಗೇರಿಯಲ್ಲಿ ಒಬ್ಬ ಮುದುಕಿ ತನ್ನ ಎಮ್ಮೆಗೇ ಆ ಹೆಸರು ಕೊಟ್ಟಿದ್ದಳು. “ಹಿಂಡಿ ತಿಂತೈತಿ, ಮೈ ತಿಕ್ಕಿಸ್ಕೊಂತೈತಿ, ನಾ ಸಿಟ್ಟಿಗೆದ್ದು ಖಾಲಿ ಚರಗಿ ಎತ್ತಿದ ಮ್ಯಾಗ ಹಾಲು ತೊರಿ ಬಿಡತೈತಿ.”

ದ್ಯಾಮೇಶ ಕಿವಿಯ ಹಿಂದಿನ ಪೆನ್ನು ತೆಗೆದು ಚೀಟಿಗೆ ಬರೆದುಕೊಳ್ಳುವನು. ಬರೆಯುವಾಗ ಕೆಳತುಟಿ ಕಚ್ಚುವನು. ರಾಜೇಶ್ವರಿ ಕಿಟಕಿಯ ಹೊರಗೆ ಕರಿ ಹೊಲಗಳನ್ನು ನೋಡುವ ಹಾಗೆ ಕೂತು, ಗಾಜಿನಲ್ಲಿ ಅವನನ್ನು ನೋಡುವಳು.

“ಟೀಚರ್, ಹೊರಗ ಏನ್ ಕಾಣತೈತ್ರಿ ಅಷ್ಟೊತ್ತಿನಿಂದ?”

“ಕಡ್ಲಿ ಬೆಳಿ.”

“ಇನ್ನೂ ಬಿತ್ತೇ ಇಲ್ಲಲ್ರಿ.”

ಅವಳ ಕಿವಿ ಕೆಂಪಾದವು. ಅವನು ಮತ್ತೆ ಚೀಟಿಯ ಕಡೆ ಬಾಗಿದ. ಕಣ್ಣು ನಗುತ್ತಿದ್ದವು.

ಮೆಣಸಗಿಯಲ್ಲಿ ಟಿಪ್ಪುಸಾಬ ಸಿಕ್ಕ. ಮಲಪ್ರಭೆಯ ನೆರೆಯಲ್ಲಿ ಹಳೆಯ ಮನೆ ಬಿದ್ದ ಮೇಲೆ ಸರಕಾರದವರು ಕೊಟ್ಟ ಹೊಸ ಪ್ಲಾಟಿನಲ್ಲಿದ್ದ. ಎಪ್ಪತ್ತೆಂಟರ ಮುದುಕ. ಪ್ರಾಯದಲ್ಲಿ ಸೀರೆ ಉಟ್ಟು ಮಾಸ್ತರರ ನಾಟಕಗಳಲ್ಲಿ ನಾಯಕಿಯಾಗಿ ನಿಂತರೆ, ಹೆಣ್ಣುಮಕ್ಕಳೇ ಬಂದು ಸೆರಗು ಹ್ಯಾಂಗ ಹೊದ್ಕೊಂಡೀ ಎಂದು ಕೇಳುತ್ತಿದ್ದರಂತೆ. ಈಗಲೂ ಚಹದ ಬಸಿ ಹಿಡಿಯುವಾಗ ಕಿರುಬೆರಳು ಬಾಗುತ್ತಿತ್ತು.

“ಮಾಸ್ತರ ಮೊಮ್ಮಗಳಾ? ಬಾ ಬೇಟಿ, ಬಾ. ಮೂಗು ಥೇಟ ಅವರದ.”

ದ್ಯಾಮೇಶ ಕೇಳಿದ, “ಅಜ್ಜಾರ, ‘ಹೊಳಿ ದಾಟಿದ ಗಾಡಿ’ ನಾಟಕದ ಕಡೀ ಮಾತು ಯಾರಿಗೂ ಗೊತ್ತಿಲ್ಲ ಅಂತಾರಲ್ರಿ?”

ಟಿಪ್ಪುಸಾಬ ಬಸಿ ಕೆಳಗಿಟ್ಟ.

“ನನಗ ಗೊತ್ತೈತಿ. ನನಗ ಒಬ್ಬಂವಗ. ಆ ಆಟದಾಗ ಪ್ರೀತಿ ಮಾಡಿದಾಂವ ಹೊಳಿ ಆಚೀ ಊರಿಗೆ ಶಾಶ್ವತ ಹೊಂಟಿರತಾನ. ನಾನು, ಅಂದ್ರ ಆ ಹೆಣಮಗಳು, ಆತಗ ಬುತ್ತಿ ಕಟ್ಟತಾಳ, ಎತ್ತಿಗೆ ನೀರ ಕುಡಸತಾಳ, ಗಾಲಿ ಕೀಲು ನೋಡತಾಳ. ಎಲ್ಲಾ ಮಾಡತಾಳ, ಬಾಯಿ ಬಿಡೂದಿಲ್ಲ. ಕಡೀಕ ಒಂದ ಮಾತು. ಅದ ಊರಾಗ, ಹಳೇ ಮೆಣಸಗ್ಯಾಗ, ಮಾಸ್ತರ ನನ್ನ ಕಿವ್ಯಾಗ ಹೇಳಿದ್ರು. ನಾ ಪರದೆ ಸರಿಸಿ ಬಂದೆ. ಧೋ ಅಂತ ಮಳಿ! ಮಂದಿ ಚಾಪಿ ಎತಗೊಂಡು ಓಡ್ತು. ನಿಂತ ಆಟ ಮತ್ತ ಎತ್ತಬಾರದು ಅಂತ ಅವರ ನೇಮ. ಮಾತು ನನ್ನ ಹೊಟ್ಟ್ಯಾಗ ಉಳೀತು. ಮನಿ ಹೋತು, ಸಾಮಾನ ಹೋತು, ನೀರಾಗ ಅದೊಂದ ಹೋಗಲಿಲ್ಲ.”

“ನಮಗ ಹೇಳ್ರಿ ಅಜ್ಜಾ,” ಅಂದಳು ರಾಜೇಶ್ವರಿ.

ಮುದುಕ ಅವಳನ್ನು ನೋಡಿದ, ಅವನನ್ನು ನೋಡಿದ. ಏನೋ ಕಂಡಿರಬೇಕು.

“ಇಬ್ಬರಿಗೂ ಹೇಳೂ ಪದ್ಧತಿ ಇಲ್ಲ. ಇಲ್ಲಿ ಬಾ.”

ಅವಳು ಬಾಗಿದಳು. ಬೀಡಿ ವಾಸನೆಯ ಉಸಿರು ಕಿವಿಗೆ ತಾಗಿತು. ಎರಡೇ ಎರಡು ಶಬ್ದ. ಅವಳು ನೆಟ್ಟಗಾದಾಗ ಕಣ್ಣು ತುಂಬಿದ್ದವು.

“ಯಾರಿಗೆ ಹೇಳಬೇಕು ಅನಸತೈತಿ, ಅವರಿಗೆ ಹೇಳು. ಮಳಿ ಬರೂದ್ರೊಳಗ ಹೇಳು,” ಅಂದ ಟಿಪ್ಪುಸಾಬ.

ತಿರುಗಿ ಬರುವಾಗ ದಾರಿಯುದ್ದಕ್ಕೂ ದ್ಯಾಮೇಶ ಗೋಗರೆದ.

“ಹೇಳ್ರಲ್ಲಾ ಟೀಚರ್. ನಿಘಂಟಿಗೆ ಬೇಕ್ರಿ.”

“ನಿಘಂಟಿಗೆ ಅಷ್ಟನ ಬೇಕಾ?”

“...ನನಗೂ ಬೇಕ್ರಿ.”

“ಹಂಗಾದ್ರ ಹೊತ್ತು ಬರಲಿ, ಹೇಳ್ತೀನಿ.”

“ಅಯ್ಯ, ನೀವು ಭಾಳ ಮುತ್ತಣ್ಣಶಾಹಿ ಬಿಡ್ರಿ!”

ಹುಟ್ಟಿದಾಗಿನಿಂದ ಕೇಳಿದ ಆ ಶಬ್ದ ಅವಳಿಗೆ ಮೊದಲ ಸಲ ಸಿಹಿಯಾಗಿತ್ತು.

*

ದೀಪಾವಳಿಗೆ ನಾಲ್ಕು ದಿನವಿದ್ದ ಗುರುವಾರ ಅವನು ಬಂದ. ಡಬ್ಬಿ ಇರಲಿಲ್ಲ. ಬಸ್ ಸ್ಟ್ಯಾಂಡಿನ ಚಹದಂಗಡಿಯಲ್ಲಿ ಎದುರು ಬದುರು ಕೂತರು. ಗಿರಮಿಟ್ಟು ತಣ್ಣಗಾಗುತ್ತಿತ್ತು, ಅವನು ಮುಟ್ಟಲಿಲ್ಲ.

“ಐತವಾರ ನರೇಗಲ್ಲಿಂದ ಹೆಣ್ಣಿನ ಕಡಿಯವರು ಬರ್ತಾರ್ರಿ. ನಮ್ಮವ್ವ ಮೂರ ವರ್ಷದಿಂದ ಕಾಯಾಕತ್ಯಾಳ. ಈ ಸಲ ಮಾತು ಮುಗಿಸಿ ಸಕ್ಕರಿ ಹಂಚಾಕ ಬೇಕು ಅಂತ ಪಟ್ಟ ಹಿಡದಾಳ. ಒಲ್ಲೆ ಅನ್ನಾಕ ನನ್ನ ಕಡೆ ಒಂದು ಕಾರಣ ಇದ್ರ ಒಲ್ಲೆ ಅಂತೀನ್ರಿ. ಕಾರಣ ಇಲ್ಲಂದ್ರ...”

ಅವನು ನಿಲ್ಲಿಸಿದ. ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದ. ಬರಿಗಣ್ಣಿನಲ್ಲಿ ಅವಳನ್ನು ನೋಡಿದ.

“ಟೀಚರ್, ಆ ಕಡೀ ಮಾತು ಏನೈತ್ರಿ?”

ಅದು ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಎಂಥಾ ಜಾಗ! ಮಗ್ಗುಲಲ್ಲಿ ಮಿರ್ಚಿ ಕರಿಯುವ ಸಪ್ಪಳ, ಇಳಕಲ್ ಬಸ್ಸಿನ ಹಾರ್ನು, ಗಲ್ಲೆಯ ಮೇಲೆ ಕೂತು ಕಿವಿ ಚಾಚಿದ ಅಂಗಡಿಯವನು. ಹಿಂಗ ಹೇಳುವ ಮಾತೇ ಅದು? ಐವತ್ತು ವರ್ಷ ಒಬ್ಬ ಮುದುಕ ಹೊಟ್ಟೆಯಲ್ಲಿಟ್ಟುಕೊಂಡ ಮಾತು. ಐತವಾರ ಬೆಳಗಿನ ಮೊದಲ ಬಸ್ಸಿಗೆ ನರಗುಂದಕ್ಕೆ ಹೋಗಬೇಕು, ಅವನ ಮನೆಯ ಬಾಗಿಲಲ್ಲಿ ನಿಂತು, ಹೆಣ್ಣಿನವರು ಬರುವ ಗಳಿಗೆಯಲ್ಲಿ ಹೇಳಬೇಕು. ಬಿಸಿ ಬಿಸಿಯಾಗಿ. ಅಜ್ಜ ಇದ್ದಿದ್ದರೆ ಭೇಷ್ ಅನ್ನುತ್ತಿದ್ದ.

ಅದರ ಅಡಿಯಲ್ಲಿ ಅಂಜಿಕೆಯೂ ಇತ್ತು. ಅದಕ್ಕೆ ಅವಳು ಅಜ್ಜನ ಪದ್ಧತಿಯ ದುಪ್ಪಟಿ ಹೊದಿಸಿದಳು.

“ಐತವಾರ ಇನ್ನೂ ದೂರ ಐತಲ್ರಿ. ಗಿರಮಿಟ್ ತಿನ್ರಿ, ಆರಾಕತ್ತೈತಿ.”

ಅವನು ತಿಂದ. ನೀರು ಕುಡಿದ. ಬಸ್ಸು ಬಂತು. ಮೆಟ್ಟಿಲ ಮೇಲೆ ನಿಂತು ಒಂದು ಸಲ ತಿರುಗಿದ. ಅವಳು ಕೈ ಎತ್ತಿ ನಕ್ಕಳು. ಇನ್ನು ಮೂರೇ ದಿನ ಎಂಬ ನಗು ಅದು. ಅವನಿಗೆ ಅದು ಹಾಗೆ ಕಂಡಿರಲಿಕ್ಕಿಲ್ಲ.

ಶನಿವಾರ ಸಂಜೆ ಐದಕ್ಕೆ ಅವಳು ಮುಂಜಾನೆಗೆಂದು ಹಸಿರು ಸೀರೆಗೆ ಇಸ್ತ್ರಿ ಮಾಡುತ್ತಿದ್ದಾಗ ಫೋನು ಗುಂಯ್‌ಗುಟ್ಟಿತು. ದ್ಯಾಮೇಶ.

ಎತ್ತಲು ಕೈ ಮುಂದಾಯಿತು. ಎತ್ತಿದರೆ ತಡೆಯಲಾರೆ, ಫೋನಿನಲ್ಲೇ ಹೇಳಿಬಿಡುತ್ತೇನೆ, ನಾಳೆಗೆ ತಂಗಳಾಗುತ್ತದೆ. ಫೋನನ್ನು ಬೋರಲು ಹಾಕಿದಳು. ಅದು ಹಾಸಿಗೆಯ ಮೇಲೆ ನಡುಗಿ ನಡುಗಿ ಸುಮ್ಮನಾಯಿತು. ಇನ್ನೊಮ್ಮೆ ನಡುಗಿತು. ಸುಮ್ಮನಾಯಿತು.

“ಯಾರವಾ ರಾಜೀ?” ಒಳಗಿನಿಂದ ಕಲ್ಲವ್ವ.

“ಯಾರಿಲ್ಲಬೇ. ನಾಳೆ ಹೇಳ್ತೀನಿ,” ಅಂದಳು, ನಗುತ್ತಲೇ.

*

ನರಗುಂದದ ಗುಡ್ಡದ ಮೇಲೆ ಮುಂಜಾನೆಯ ಬಿಸಿಲು ಏರುತ್ತಿದ್ದ ಹೊತ್ತಿಗೆ ಅವಳು ಮನೆ ಹುಡುಕಿಕೊಂಡು ಬಂದಿದ್ದಳು. ಬಾಗಿಲಿಗೆ ಮಾವಿನ ತೋರಣ. ಕಟ್ಟಿ ಒಂದು ರಾತ್ರಿ ಕಳೆದದ್ದು, ಎಲೆಯ ಅಂಚು ಬಾಡಿತ್ತು. ಅದನ್ನು ನೋಡಿಯೂ ಅವಳಿಗೆ ಹೊಳೆಯಲಿಲ್ಲ.

ಬಾಗಿಲು ತೆರೆದವಳು ಗೌರವ್ವ, ದ್ಯಾಮೇಶನ ತಾಯಿ. ದುಂಡು ಮುಖದ ತುಂಬ ಸಂತೋಷ.

“ಗಜೇಂದ್ರಗಡದ ಟೀಚರಾ? ಬಾರವಾ! ನಮ್ಮ ದ್ಯಾಮೇಶ ನಿಮ್ಮ ಹೆಸರು ಭಾಳ ಹೇಳ್ತಾನ. ಬಾಯಿ ತೆರಿ, ಮೊದಲ ಬಾಯಿ ತೆರಿ.”

ಏನು ಎತ್ತ ಎನ್ನುವುದರೊಳಗೆ ಮುದುಕಿ ಒಂದು ಚಿಟಿಕೆ ಸಕ್ಕರೆ ಅವಳ ಬಾಯಿಗೆ ಹಾಕಿದಳು.

“ನಿನ್ನೆ ಸಂಜೀನ ಮುಗಿಸಿದ್ವಿ ನೋಡು. ಇವತ್ತ ಮುಂಜಾನೇನ ಅಮಾಸಿ ಹತ್ತತೈತಿ, ಬ್ಯಾಡ ಅಂದ್ರು ಹಿರ್ಯಾರು. ನಿನ್ನೆನ ಬಂದು ಹುಡುಗೀನ್ನೂ ತೋರಿಸಿ, ಸಕ್ಕರಿ ಹಂಚಿ ಹೋದ್ರು. ದೇವ್ರು ಕಣ್ಣ ತೆರೆದಾ.”

ಸಕ್ಕರೆ ನಾಲಿಗೆಯ ಮೇಲೆ ಕರಗಿತು. ಆ ಮಾತು ಇದ್ದ ಜಾಗದಲ್ಲೇ.

ದ್ಯಾಮೇಶ ಒಳಗಿನಿಂದ ಬಂದವನು ಹೊಸ್ತಿಲಲ್ಲೇ ನಿಂತ. ಹಸಿರು ಸೀರೆ ನೋಡಿದ. ಮುಖ ನೋಡಿದ. ಅವನಿಗೆ ಎಲ್ಲ ತಿಳಿಯಿತು ಎಂದು ಅವಳಿಗೆ ತಿಳಿಯಿತು.

“ಏನ್ ಕೆಲಸಕ್ಕ ಬಂದಿದ್ದಿಯವಾ?” ಗೌರವ್ವ ಕೇಳಿದಳು.

“ಒಂದು ಶಬ್ದದ ಅರ್ಥ ಹೇಳಾಕ ಬಂದಿದ್ದೆನ್ರಿ,” ಅಂದಳು ರಾಜೇಶ್ವರಿ.

ಅವಲಕ್ಕಿ ತಿಂದಳು, ಚಹ ಕುಡಿದಳು, ಹುಡುಗಿಯ ಫೋಟೋ ನೋಡಿ ಚಲೋ ಅದಾಳ್ರಿ ಅಂದಳು. ಖರೇನೇ ಚಲೋ ಇದ್ದಳು. ದ್ಯಾಮೇಶ ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ಬಂದ. ಇಬ್ಬರ ನಡುವೆ ಒಂದು ಮೊಳ ಜಾಗ. ಅವತ್ತು ಅದು ಹೊಳೆಯ ಹಾಗೆ ಹರಿಯುತ್ತಿತ್ತು.

“ನಿನ್ನೆ ಫೋನ್ ಮಾಡಿದ್ದೆ.”

“ನೋಡಿದ್ದೆ.”

“ಅವರು ಪಡಸಾಲ್ಯಾಗ ಕುಂತಿದ್ರು. ನಾ ಹಿತ್ತಲದಾಗ ನಿಂತು ಮಾಡಿದೆ. ಎರಡ ಸಲ. ಎತ್ತಲಿಲ್ಲ ಅಂದ್ರ ಅದನ ಉತ್ತರ ಅಂದ್ಕೊಂಡೆ.”

“ಎತ್ತಿದ್ರ ಹೇಳಿ ಬಿಡ್ತಿದ್ದೆ. ಅದಕ್ಕ ಎತ್ತಲಿಲ್ಲ.”

ಅವನು ನಿಂತುಬಿಟ್ಟ. ಸೈಕಲ್ಲಿನವನೊಬ್ಬ ಗಂಟೆ ಬಾರಿಸಿ ಬಳಸಿಕೊಂಡು ಹೋದ.

“ಈಗ ಹೇಳ್ರಿ,” ಅಂದ.

“ಈಗ ಹೇಳಿದ್ರ ಏನ್ ಮಾಡ್ತೀರಿ?”

ಅವನು ಮತ್ತೆ ಹೆಜ್ಜೆ ಹಾಕಿದ. “ಆ ಹುಡುಗಿ ನಿನ್ನೆ ನನ್ನ ನೋಡಿ ನಕ್ಕಳು. ಹೆದರಿಕೊಂಡ ನಕ್ಕಳು. ಪಾಪ, ಆಕೀದೇನು ತಪ್ಪೈತಿ.”

“ಏನೂ ಇಲ್ಲ,” ಅಂದಳು ರಾಜೇಶ್ವರಿ. “ಆಕೀಗೆ ಮಾತ್ರ ನೀವು ಹಿಂಗ ಮಾಡಬ್ಯಾಡ್ರಿ. ಅನಸಿದ ದಿನಾನ ಅಂದ ಬಿಡ್ರಿ. ರೊಟ್ಟಿ ಚಲೋ ಆಗೈತಿ ಅಂತನೂ.”

ರೋಣದ ಬಸ್ಸು ಹೊರಡುತ್ತಿತ್ತು. ಅವಳು ಹತ್ತಿ ಕಿಟಕಿಯ ಬದಿಗೆ ಕೂತಳು. ಅವನು ಕೆಳಗೆ ನಿಂತು ಕಿಟಕಿಯ ಸರಳು ಹಿಡಿದ. ಬಸ್ಸು ಗುರ್ ಎಂದಿತು.

“ನಿಘಂಟಿಗೆ ಬ್ಯಾಡ. ನನಗ ಹೇಳ್ರಿ.”

ಅವಳು ಬಾಗಿದಳು. ಟಿಪ್ಪುಸಾಬ ಹೇಳಿದಷ್ಟೇ ಮೆಲ್ಲಗೆ ಹೇಳಿದಳು.

“ಗಾಡಿ ಹೂಡಬ್ಯಾಡ್ರಿ.”

ಅವನ ಬೆರಳು ಸರಳಿನ ಮೇಲೆ ಬಿಗಿಯಾದವು.

“ಇಷ್ಟ ಸಣ್ಣ ಮಾತಾ?”

“ಇಷ್ಟ ಸಣ್ಣದು.”

ಬಸ್ಸು ಜಗ್ಗಿತು. ಅವನು ಎರಡು ಹೆಜ್ಜೆ ಜೊತೆಗೆ ನಡೆದ, ಆಮೇಲೆ ಕೈ ಬಿಟ್ಟ. ಈ ಸಲ ಗಾಜಿನಲ್ಲಲ್ಲ, ತಿರುಗಿ ಕೂತು ಅವಳು ಅವನನ್ನೇ ನೋಡಿದಳು. ಗುಡ್ಡ ಕಾಣುವವರೆಗೂ ನೋಡಿದಳು.

ಮನೆಗೆ ಬಂದಾಗ ಕಲ್ಲವ್ವ ರೊಟ್ಟಿ ಬಡಿಯುತ್ತಿದ್ದಳು. ಒಲೆಯ ಮುಂದೆ ಕೂಡಿಸಿಕೊಂಡು ಒಂದು ಬಿಸಿ ರೊಟ್ಟಿ ಹಾಕಿದಳು. ತಿನ್ನುತ್ತ ತಿನ್ನುತ್ತ ರಾಜೇಶ್ವರಿ ಅತ್ತಳು. ಅಜ್ಜಿ ಬೆನ್ನು ಸವರಿ, “ನಿಮ್ಮಜ್ಜ ಆಡಿದ್ದು ಆಟ ಇತ್ತವಾ. ಆಟಕ್ಕ ಅದು ಚಂದ. ನಿನಗ ಅದನ್ನ ನಾ ಬಿಡಿಸಿ ಹೇಳಬೇಕಾಗಿತ್ತು,” ಅಂದಳು.

*

ನಿಘಂಟು ಮರು ವರ್ಷ ಆಷಾಢದಲ್ಲಿ ಅಂಚೆಯಲ್ಲಿ ಬಂತು. ಒಳಗೆ ಪತ್ರವಿರಲಿಲ್ಲ. ಅವಳು ನಿಂತಲ್ಲೇ ‘ಮ’ ಅಕ್ಷರ ತೆಗೆದಳು.

‘ಮುತ್ತಣ್ಣಶಾಹಿ: ನಾಟಕಕಾರ ಮುತ್ತಣ್ಣ ಮಾಸ್ತರರ ಹೆಸರಿನಿಂದ ಬಂದ ವಿಶೇಷಣ. ಮುಖ್ಯ ಮಾತನ್ನು ಕಡೆಯ ಗಳಿಗೆಗೆಂದು ಕಾದಿಡುವ. ಉಳಿದೆಲ್ಲ ಹೇಳಿ ಅದೊಂದನ್ನು ಹೇಳದ. ಬಳಕೆ: ಮುತ್ತಣ್ಣಶಾಹಿ ಮಳೆ, ಮುತ್ತಣ್ಣಶಾಹಿ ಎಮ್ಮೆ. ಸಾಮಾನ್ಯವಾಗಿ ಚೇಷ್ಟೆಗೆ ಬಳಸುವರು. ಪ್ರೀತಿಯಿಂದ ಬಳಸಿದ್ದೂ ಉಂಟು. ಮಾಸ್ತರರ ಒಂದು ನಾಟಕದ ಕಡೆಯ ಮಾತು ಸಂಗ್ರಾಹಕನಿಗೆ ತಡವಾಗಿ ದೊರೆಯಿತು. ಅದನ್ನು ಇಲ್ಲಿ ಕೊಟ್ಟಿಲ್ಲ.’

ಅವಳು ಆ ಕಡೆಯ ಸಾಲಿನ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಪುಸ್ತಕ ಚೀಲದಲ್ಲಿಟ್ಟುಕೊಂಡು ಶಾಲೆಗೆ ಹೋದಳು.

ಆ ವರ್ಷದ ಶಾಲಾ ವಾರ್ಷಿಕೋತ್ಸವದ ಗ್ಯಾದರಿಂಗಿಗೆ ಮಕ್ಕಳಿಂದ ‘ಹೊಳಿ ದಾಟಿದ ಗಾಡಿ’ ಆಡಿಸುವುದೆಂದು ಅವಳೇ ಹೆಡ್ ಮಾಸ್ತರರಿಗೆ ಹೇಳಿದ್ದಳು. ನಿಂತ ಆಟ ಎತ್ತಬಾರದು ಅಂತಾರಲ್ರಿ ಎಂದು ಅವರು ತಡವರಿಸಿದಾಗ, “ನೇಮ ನಮ್ಮ ಮನೀದ್ರಿ, ನಾನ ಮುರೀತೀನಿ,” ಅಂದಿದ್ದಳು. ನಿಘಂಟು ಬಂದ ಆ ದಿನವೇ ತಾಲೀಮಿನ ಮೊದಲ ದಿನ. ನಾಯಕಿಯ ಪಾತ್ರ ಹತ್ತನೆಯ ಇಯತ್ತೆಯ ಹೀನಾಳದು. ಚುರುಕು ಹುಡುಗಿ. ಕೈಯಲ್ಲಿ ಹಾಳೆ ಹಿಡಿದು ಕಣ್ಣರಳಿಸಿ ಬಂದಳು.

“ಟೀಚರ್, ಕಡೀ ಮಾತು ಆಟದ ದಿನಾನ ಹೇಳ್ತೀರಂತ ಹೌದ್ರಿ? ನಮ್ಮಜ್ಜಿ ಹೇಳಿದ್ಳು.”

“ಇಲ್ಲವಾ,” ಅಂದಳು ರಾಜೇಶ್ವರಿ. ಅವಳ ಕೈಯಿಂದ ಹಾಳೆ ತೆಗೆದುಕೊಂಡು, ಮೊದಲ ಪುಟದ ನೆತ್ತಿಯಲ್ಲಿ, ನಾಟಕದ ಹೆಸರಿಗಿಂತ ಮೇಲೆ, ಕೆಂಪು ಪೆನ್ನಿನಿಂದ ಆ ಎರಡು ಶಬ್ದ ಬರೆದಳು.

“ಇಲ್ಲಿಂದ ಸುರು ಮಾಡು. ಜೋರಾಗಿ ಓದು.”

ಹೀನಾ ಓದಿದಳು. ಖಾಲಿ ಹಾಲಿನಲ್ಲಿ ಅದು ದೊಡ್ಡದಾಗಿ ಕೇಳಿಸಿತು.

“ಇನ್ನೊಮ್ಮೆ,” ಅಂದಳು ರಾಜೇಶ್ವರಿ, ಕಿಟಕಿಯ ಕಡೆ ಮುಖ ಮಾಡಿ. ಹೊರಗೆ ಮಳೆಯ ಮೋಡ ಕಟ್ಟಿತ್ತು. “ಇನ್ನೊಮ್ಮೆ ಹೇಳವಾ. ಮಳಿ ಬರೂದ್ರೊಳಗ.”